ಹೊಂಬಾಳಮ್ಮನ ರಜೆ

ನಮ್ಮೂರಿನಲ್ಲಿ ಕಾರ್ತಿಕ ಮಾಸದ ಎರಡನೆಯ ಗುರುವಾರ ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ. ಹೇಳಿದರೆ ಆ ಕೆಲಸ ಹೇಳಿದವರ ಕೈಗೇ ಬರುತ್ತದೆ. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಹೀಗೆ. ನಾನು ಸೊಸೆಯಾಗಿ ಬಂದ ಮೊದಲ ವರ್ಷ ನಮ್ಮತ್ತೆ ಮೈಮರೆತು "ವಾರಿಜಾ, ಹಿತ್ತಲು ಗುಡಿಸು" ಅಂದರು. ಅಂದವರೇ ಪೊರಕೆ ಹಿಡಿದು ಹಿತ್ತಲಿಗೆ ನಡೆದರು. ಕಾಟಾಚಾರಕ್ಕೆ ನಾಲ್ಕು ಸಲ ಬೀಸಿ ಬಿಟ್ಟುಬಿಡೋಣವೆಂದರೆ ಕೈ ಕೇಳಬೇಕಲ್ಲ, ಬಚ್ಚಲಿನ ಪಾಚಿಯೆಲ್ಲ ಹೋದ ಮೇಲೆಯೇ ಪೊರಕೆ ಕೆಳಗಿಳಿದದ್ದು. ನಾನು ಬಾಗಿಲಿಗೆ ಒರಗಿ ನಿಂತು ಕಣ್ತುಂಬ ನೋಡಿದೆ. ಈ ಊರಿಗೆ ಮದುವೆಯಾಗಿ ಬಂದದ್ದು ಒಳ್ಳೆಯದೇ ಆಯಿತು ಅಂತ ಅವತ್ತು ಅನ್ನಿಸಿತು.

ಗೊತ್ತಿದ್ದೂ ಬಾಯಿ ತಪ್ಪುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. "ಒಳಗೆ ಹೋಗಿ, ಒಳಗೆ ಹೋಗಿ" ಅಂದ ಬಸ್ಸಿನ ಕಂಡಕ್ಟರು ತಾನೇ ಜನರ ನಡುವೆ ನುಗ್ಗಿಕೊಂಡು ಹೋಗಿ ಡ್ರೈವರಿನ ಬೆನ್ನಿಗೆ ಅಂಟಿಕೊಂಡಿದ್ದ. "ನಡಿಯೋ ಸ್ಟೇಷನ್ನಿಗೆ" ಅಂದ ಪೊಲೀಸಿನವನು ಒಬ್ಬನೇ ಸ್ಟೇಷನ್ನಿಗೆ ಹೋಗಿ ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದ. ನನ್ನ ಗಂಡ ಒಳ್ಳೆಯ ಮನುಷ್ಯ, ಅವತ್ತು ಒಂದು ದಿನ ಕಾಫಿ ಅನ್ನುವ ಪದವನ್ನೇ ಎತ್ತುವುದಿಲ್ಲ. ಪ್ರಶ್ನೆ ಕೇಳಿದರೆ ಏನೂ ಆಗುವುದಿಲ್ಲ, ಕಷ್ಟ ಹೇಳಿಕೊಂಡರೂ ಆಗುವುದಿಲ್ಲ. ಅಪ್ಪಣೆ ಮಾತ್ರ ತಿರುಗುತ್ತದೆ.

ಆದರೆ ಅಪ್ಪಣೆ ಕೊಟ್ಟು ಬದುಕಿದವರು ಅಷ್ಟಕ್ಕೆಲ್ಲ ಸೋಲುತ್ತಾರೆಯೆ? ಬುಧವಾರ ಹೇಳಿದ ಕೆಲಸ ಗುರುವಾರಕ್ಕೂ ಊರ್ಜಿತ ಅನ್ನುವುದನ್ನು ಬೇಗನೆ ಕಂಡುಹಿಡಿದರು. ಹಾಗಾಗಿ ಆ ಬುಧವಾರದ ಸಂಜೆ ಊರಲ್ಲಿ ಕಿವಿ ಕೊಡಲು ಆಗುವುದಿಲ್ಲ. ನಾಳೆ ಅದು ಮಾಡು, ಇದು ತೊಳಿ, ಅಲ್ಲಿಗೆ ಹೋಗು, ಇಲ್ಲಿಗೆ ಬಾ ಅಂತ ಪ್ರತಿ ಜಗಲಿಯಿಂದಲೂ ಕೂಗು. ಪುರಸಭೆಯ ಮೇಸ್ತ್ರಿ ಪೌರಕಾರ್ಮಿಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಗುರುವಾರದ ಬೀದಿಗಳನ್ನೆಲ್ಲ ಬುಧವಾರವೇ ಹಂಚಿಬಿಡುತ್ತಿದ್ದ. ಅಪ್ಪಣೆ ತಿರುಗುವ ದಿನವೂ ಬೀದಿ ಗುಡಿಸುವವರು ಬೀದಿ ಗುಡಿಸುತ್ತಲೇ ಇದ್ದರು.

ಈ ದಿನಕ್ಕೆ ಎರಡು ಹೆಸರು. ಪೇಟೆ ಬೀದಿಯವರು 'ಮೌನ ಗುರುವಾರ' ಅನ್ನುತ್ತಾರೆ, ಏನೋ ವ್ರತವಿದ್ದ ಹಾಗೆ. ಕೆಳಗೇರಿಯವರು 'ಜೀತ ಬಿಟ್ಟ ದಿನ' ಅನ್ನುತ್ತಾರೆ. ಕೆಳಗೇರಿಯವರು ಹೇಳುವುದು ಇಷ್ಟು: ಐವತ್ತೊಂದು ವರ್ಷದ ಹಿಂದೆ ಇದೇ ಗುರುವಾರ ಬೆಳಿಗ್ಗೆ ದೊಡ್ಡಮನೆ ಯಜಮಾನರು "ಲೋ ಕೆಂಚ, ಕೊಟ್ಟಿಗೆ ಬಾಚೋ" ಅಂದರಂತೆ, ಅಂದು ತಾವೇ ಬಗ್ಗಿ ಸಗಣಿ ಬಾಚತೊಡಗಿದರಂತೆ. ಜೀತಕ್ಕಿದ್ದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಬಾಗಿಲ ಕಡೆ ಹೊರಟರು. ಯಜಮಾನರು "ನಿಲ್ರೋ" ಅಂತ ಕೂಗಿದರು. ಕೂಗಿದವರು ತಾವೇ ನಿಂತುಬಿಟ್ಟರು, ಏಳು ಜನವೂ ಊರ ಕೆರೆ ದಾಟುವವರೆಗೂ ಕಾಲು ಕೀಳಲಾಗಲಿಲ್ಲ. ಪೇಟೆ ಬೀದಿಯವರನ್ನು ಕೇಳಿದರೆ ಜೀತವೇ ಇರಲಿಲ್ಲ, ಎಲ್ಲ ಮನೆ ಮಕ್ಕಳ ಹಾಗೆ ಇದ್ದರು ಅನ್ನುತ್ತಾರೆ.

ಆ ಏಳು ಜನರಲ್ಲಿ ಚಿಕ್ಕವಳು ಹೊಂಬಾಳಮ್ಮ. ಆಗ ಅವಳಿಗೆ ಒಂಬತ್ತು ವರ್ಷ. ಈಗ ಅರವತ್ತು, ನಮ್ಮ ಪುರಸಭೆಯಲ್ಲಿ ಖಾಯಂ ಪೌರಕಾರ್ಮಿಕೆ, ದೊಡ್ಡಮನೆ ಬೀದಿಯೇ ಅವಳ ಪಾಲಿನ ಬೀದಿ. ದೊಡ್ಡಮನೆಯ ಮೊಮ್ಮಗ ಗುರುಪಾದಪ್ಪನವರು ನಮ್ಮ ಪುರಸಭೆಯ ಅಧ್ಯಕ್ಷರು. ನಾನು ಅದೇ ಪುರಸಭೆಯ ಗುಮಾಸ್ತೆ, ಸಭೆಯ ನಡಾವಳಿ ಬರೆಯುವವಳು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಬೇಡ ಅನ್ನುವುದಿಲ್ಲ.

ಹೊಂಬಾಳಮ್ಮ ಏಳು ವರ್ಷದಿಂದ ಒಂದೇ ಅರ್ಜಿ ಕೊಡುತ್ತಿದ್ದಳು. ಜೀತ ಬಿಟ್ಟ ದಿನದಂದು ಪುರಸಭೆ ನೌಕರರಿಗೆಲ್ಲ ಸಂಬಳ ಸಹಿತ ರಜೆ ಕೊಡಬೇಕು, ರಜೆಯ ಪಟ್ಟಿಯಲ್ಲಿ 'ಜೀತ ಬಿಟ್ಟ ದಿನ' ಅಂತಲೇ ಅಚ್ಚಾಗಬೇಕು. ಅವಳು ಹೇಳುತ್ತಿದ್ದಳು, ನಾನು ಬರೆದುಕೊಡುತ್ತಿದ್ದೆ. ತಿಂಗಳಾದ ಮೇಲೆ ಅಧ್ಯಕ್ಷರು ಹೇಳುತ್ತಿದ್ದರು, ಅರ್ಜಿ ತಿರಸ್ಕರಿಸಿದ ಹಿಂಬರಹವನ್ನೂ ನಾನೇ ಬರೆಯುತ್ತಿದ್ದೆ. ಎರಡರ ಮೇಲೂ ಅದೇ ಮುತ್ತು. ಒಂದು ವರ್ಷ 'ದಾಖಲೆ ಲಗತ್ತಿಸಿಲ್ಲ' ಅಂತ, ಇನ್ನೊಂದು ವರ್ಷ 'ಕಾರಣ ಸಮರ್ಪಕವಾಗಿಲ್ಲ' ಅಂತ, ಮತ್ತೊಂದು ವರ್ಷ 'ವಿವರವಾಗಿ ಬರೆದು ಕೊಡತಕ್ಕದ್ದು' ಅಂತ. ನಮ್ಮ ಕಚೇರಿಯಲ್ಲಿ ಯಾರು ಏನು ಕೇಳಿದರೂ ಮೊದಲ ಉತ್ತರ 'ಬರೆದು ಕೊಡಿ'. ನೀರು ಬರುತ್ತಿಲ್ಲ ಅಂದರೆ ಬರೆದು ಕೊಡಿ, ನಾಯಿ ಕಚ್ಚಿತು ಅಂದರೆ ಬರೆದು ಕೊಡಿ. ಕೆಮ್ಮು ಬಂದ ಹಾಗೆ ಬಂದುಬಿಡುತ್ತದೆ ಆ ಮಾತು.

ಹೋದ ವರ್ಷ ಅಧ್ಯಕ್ಷರು ಸ್ವಲ್ಪ ಬಗ್ಗಿದ್ದರು. 'ಜೀತ' ಅನ್ನುವ ಪದ ತೆಗೆದು 'ಮೌನ ಗುರುವಾರ' ಅಂತ ಬರೆದರೆ ಪರಿಶೀಲಿಸಬಹುದು ಅಂತ ನನ್ನ ಕೈಲಿ ಹೇಳಿಕಳಿಸಿದರು. ನಾನು ಹೋಗಿ ಹೇಳಿದೆ. ರಜೆ ಸಿಕ್ಕರೆ ಸಾಕಲ್ಲ, ಹೆಸರು ಕಟ್ಟಿಕೊಂಡು ಏನಾಗಬೇಕು ಅಂತ ನನ್ನ ಬುದ್ಧಿಯನ್ನೂ ಸೇರಿಸಿದೆ. ಹೊಂಬಾಳಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಆ ಪದ ತಗುದ್ರೆ ನಮ್ಮವ್ವ ಎಲ್ಲಿದ್ಲು ಅಂತ ಹೇಳ್ಲಿ ವಾರಿಜವ್ವ? ನಮ್ಮವ್ವ ಸಾಯೋಗಂಟ ಒಂದಿನಾನೂ ರಜ ಅಂತ ಕುಂತೋಳಲ್ಲ. ಅವಳ ಹೆಸರಲ್ಲಿ ನಾನೊಂದಿನ ಕುಂತ್ಕೋಬೇಕು. ಸುಮ್ಕೆ ಕುಂತ್ರೆ ಮೈಗಳ್ಳಿ ಅಂತಾರೆ. ಸಂಬಳ ತಕ್ಕೊಂಡು ಕುಂತ್ಕೋಬೇಕು."

ನನಗೆ ನಾಚಿಕೆಯಾಯಿತು. ಅವತ್ತಿನಿಂದ ಅವಳ ಅರ್ಜಿಗೆ ಬುದ್ಧಿ ಸೇರಿಸುವುದನ್ನು ಬಿಟ್ಟೆ.

ಈ ವರ್ಷ ಹೊಂಬಾಳಮ್ಮನಿಗೆ ಕೊನೆಯ ವರ್ಷ. ಕಾರ್ತಿಕ ಕಳೆಯುವ ಮುಂಚೆಯೇ ನಿವೃತ್ತಿ. ಈ ಸಲ ಆಗದಿದ್ದರೆ ಅವಳ ಪಾಲಿಗೆ ಇನ್ನು ಇಲ್ಲ. ಅದು ಅವಳಿಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು. ಪೌರಕಾರ್ಮಿಕರೆಲ್ಲ ಈ ಸಲ ಸಭೆಗೆ ಬಂದು ಕೂಗುತ್ತಾರೆ ಅನ್ನುವ ಸುದ್ದಿಯೂ ಹಬ್ಬಿತ್ತು. ಆಗ ಗುರುಪಾದಪ್ಪನವರು ಒಂದು ಉಪಾಯ ಮಾಡಿದರು. ಸಭೆಯನ್ನು ಆ ಗುರುವಾರಕ್ಕೇ ಇಟ್ಟರು. ಅವತ್ತು "ರಜೆ ಕೊಡಿ" ಅಂತ ಯಾರು ಕೂಗಿದರೂ ಅಪ್ಪಣೆ ಅವರಿಗೇ ತಿರುಗುತ್ತದೆ. ಹಿಂದೊಮ್ಮೆ ಇದೇ ದಿನ ಯಾರೋ ಮುಖಂಡರು ವೇದಿಕೆ ಹತ್ತಿ "ಅಧ್ಯಕ್ಷರೇ, ಕೆಳಗಿಳಿಯಿರಿ" ಅಂದು ತಾವೇ ಧಡಧಡ ಮೆಟ್ಟಿಲಿಳಿದು ಮನೆಗೆ ಹೋಗಿದ್ದರು.

ಬುಧವಾರ ಸಂಜೆ ಅಧ್ಯಕ್ಷರು ನನ್ನನ್ನು ಕರೆದರು. "ವಾರಿಜಮ್ಮ, ನಾಳೆ ನಡಾವಳಿ ಇವತ್ತೇ ಬರೆದಿಡಿ. ಪೌರಕಾರ್ಮಿಕರ ಅರ್ಜಿ ತಿರಸ್ಕರಿಸಲಾಗಿದೆ ಅಂತ. ನಾನು ನಾಳೆ ಬಾಯಿ ಬಿಡೋದಿಲ್ಲ. ತಲೆ ಅಲ್ಲಾಡಿಸ್ತೀನಿ, ಸಾಕು."

ಬರೆದೆ. ಬುಧವಾರದ ಅಪ್ಪಣೆ. ಆದರೂ ಅಕ್ಷರ ಅಷ್ಟು ಚೆನ್ನಾಗಿ ಬರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಸಭೆ ಶುರುವಾಯಿತು. ಹದಿಮೂರು ಜನ ಸದಸ್ಯರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು, ಇಬ್ಬರಂತೂ ಭದ್ರತೆಗೆಂದು ಮಫ್ಲರನ್ನೇ ಬಾಯಿಗೆ ಕಟ್ಟಿಕೊಂಡಿದ್ದರು. ಮುಖ್ಯಾಧಿಕಾರಿ ಫಾಲಾಕ್ಷಯ್ಯನವರು ಬೇರೆ ಊರಿನಿಂದ ವರ್ಗವಾಗಿ ಬಂದು ಮೂರೇ ತಿಂಗಳಾಗಿತ್ತು. ಅವರಿಗೆ ಈ ವಿಷಯ ಹೇಳಿದ್ದೆವು, ಅವರು ನಕ್ಕಿದ್ದರು. ಬಂದು ಕೂತವರೇ ಜವಾನನಿಗೆ "ಫ್ಯಾನ್ ಹಾಕಪ್ಪ" ಅಂದರು. ಅಂದು ಎದ್ದು ಹೋಗಿ ಫ್ಯಾನ್ ಹಾಕಿ, ಸ್ವಿಚ್ಚಿನ ಹತ್ತಿರ ನಿಂತು ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆಮೇಲೆ ಅವರ ಮುಖದಲ್ಲಿ ನಗು ಕಾಣಲಿಲ್ಲ.

ಪೌರಕಾರ್ಮಿಕರು ಬೆಳಗಿನ ಕೆಲಸ ಮುಗಿಸಿ, ಕಸ ತುಂಬಿದ ತಳ್ಳುಗಾಡಿಗಳನ್ನು ಹೊರಗೆ ನಿಲ್ಲಿಸಿ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಫಾಲಾಕ್ಷಯ್ಯನವರು ಅರ್ಜಿ ಓದಿದರು. ಗುರುಪಾದಪ್ಪನವರು ತಲೆ ಅಲ್ಲಾಡಿಸಿದರು. ಎರಡು ನಿಮಿಷದಲ್ಲಿ ಮುಗಿಯಿತು. ನಾನು ಪುಸ್ತಕ ತೆರೆದು ನಿನ್ನೆ ಬರೆದದ್ದರ ಮೇಲೆ ಸುಮ್ಮನೆ ಪೆನ್ನು ಆಡಿಸಿದೆ.

ಯಾರೂ ಕೂಗಲಿಲ್ಲ. ಹೊಂಬಾಳಮ್ಮ ಮಾತ್ರ ಮುಂದೆ ಬಂದು ಮೇಜಿನೆದುರು ನಿಂತಳು.

"ಯಾಕೆ ಅಂತ ಕೇಳ್ಬೌದಾ?"

ಪ್ರಶ್ನೆ ಕೇಳುವುದಕ್ಕೆ ಆ ದಿನ ಯಾವ ಅಡ್ಡಿಯೂ ಇಲ್ಲ. ಅಧ್ಯಕ್ಷರು ಮತ್ತೊಮ್ಮೆ ತಲೆ ಅಲ್ಲಾಡಿಸಿದರು. ಅವಳು ಅಲ್ಲಾಡಲಿಲ್ಲ. ಹದಿಮೂರು ಜನರ ಕಣ್ಣು ಅವರ ಮೇಲೆ. ಅಧ್ಯಕ್ಷರಾದವರು ಮೂಗರ ಹಾಗೆ ಎಷ್ಟು ಹೊತ್ತು ಕೂರಲಾದೀತು? ಅಪ್ಪಣೆ ಬಾರದ ಹಾಗೆ ಮಾತನ್ನು ಅಳೆದು ತೂಗಿ ಬಾಯಿ ಬಿಟ್ಟರು.

"ಜೀತ ಅಂತ ಬರೆದಿದೀಯ. ನಮ್ಮೂರಲ್ಲಿ ಜೀತ ಎಲ್ಲಿತ್ತು? ಎಲ್ಲಾ ಮನೆ ಮಕ್ಳ ಹಾಗೆ ಇದ್ರು."

"ಮನೆ ಮಕ್ಳು ಕೊಟ್ಟಿಗೇಲಿ ಮಲೀಕತಿದ್ರಾ?"

"ಅದೆಲ್ಲ ಹಳೇ ಕಾಲದ್ದು. ಯಾರಿಗೆ ನೆನಪಿದೆ?"

"ನಂಗೈತೆ. ನಿಮ್ಗೆ ಇಲ್ವಾ? ಇಬ್ರೂ ಒಂದೇ ಓರಗೆಯೋರಲ್ವಾ ನಾವು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಕೆಂಪೇರಿತು. ಮೂವತ್ತು ವರ್ಷ ಅದೇ ಮೇಜಿನ ಸುತ್ತ ಓಡಾಡಿದವರು, ಎಂಥೆಂಥವರನ್ನೋ ಒಂದೇ ಮಾತಿನಿಂದ ಹೊರಗೆ ಕಳಿಸಿದವರು. ಆ ಮಾತೇ ಬಾಯಿಗೆ ಬಂತು.

"ಬಾಯಲ್ಲಿ ಹೇಳಿದ್ರೆ ಆಗೋದಿಲ್ಲ. ಯಾರ್ಯಾರು ಇದ್ರು, ಏನೇನು ನಡೀತು, ರಜೆ ಯಾಕೆ ಬೇಕು, ಎಲ್ಲಾ ಹೆಸರು ಸಮೇತ, ಇದ್ದದ್ದು ಇದ್ದ ಹಾಗೆ, ಸಹಿ ಹಾಕಿ ಬರೆದು ಕೊಡು."

ಅಧ್ಯಕ್ಷರಿಗೂ ತಕ್ಷಣ ಗೊತ್ತಾಯಿತು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ಬಲಗೈ ಬಿಡಿಸಿಕೊಂಡು ನನ್ನ ಮುಂದಿದ್ದ ಬಿಳಿ ಹಾಳೆಯನ್ನು ಎಳೆದುಕೊಂಡಿತು. ನನ್ನ ಪೆನ್ನನ್ನೂ ಎತ್ತಿಕೊಂಡಿತು. ನಾನು ಕೊಡಲಿಲ್ಲ, ಹಾಗಂತ ಹಿಡಿದೂ ಇಟ್ಟುಕೊಳ್ಳಲಿಲ್ಲ.

ಮುಕ್ಕಾಲು ಗಂಟೆ ಬರೆದರು. ಅಷ್ಟು ವರ್ಷ ಬರೀ ಸಹಿ ಹಾಕಿದ ಕೈ, ಅಕ್ಷರ ಎಡವಿ ಎಡವಿ ಬೀಳುತ್ತಿತ್ತು. ಒಂದು ಕಡೆ ನಿಲ್ಲಿಸಿ ಏನನ್ನೋ ಬಿಟ್ಟು ಮುಂದೆ ಹೋಗಲು ನೋಡಿದರು. ಪೆನ್ನು ಅಲ್ಲೇ ಚುಕ್ಕೆಯಿಡುತ್ತಾ ನಿಂತಿತು, ಬಿಟ್ಟದ್ದನ್ನು ಬರೆದ ಮೇಲೆಯೇ ಮುಂದೆ ಸರಿಯಿತು. ಹಣೆಯ ಬೆವರು ಹಾಳೆಯ ಮೇಲೆ ಬಿತ್ತು. ಸದಸ್ಯರು ಮೇಜಿನ ಮೇಲೆ ಬಗ್ಗಿ ಓದಲು ನೋಡುತ್ತಿದ್ದರು, ಪೌರಕಾರ್ಮಿಕರು ನಿಂತ ಕಡೆಯೇ ಕೂತರು. ಹೊಂಬಾಳಮ್ಮ ಮಾತ್ರ ಕೂರಲಿಲ್ಲ. ಕೊನೆಗೆ ಗುರುಪಾದಪ್ಪನವರು ಸಹಿ ಹಾಕಿದರು, ಪೆನ್ನು ಬಿತ್ತು.

ಫಾಲಾಕ್ಷಯ್ಯನವರು ಹಾಳೆಗಳನ್ನು ತಿರುವಿದರು. ಕಾನೂನು ಬಲ್ಲ ಮನುಷ್ಯ. "ಅಧ್ಯಕ್ಷರೇ ಸಹಿ ಹಾಕಿ ಕೊಟ್ಟ ಅರ್ಜಿ. ಸಭೆ ಮುಂದೆ ಓದಲೇಬೇಕಾಗುತ್ತೆ" ಅಂದರು. ಯಾರು ಓದಬೇಕು ಅಂತ ಜಾಣತನದಿಂದ ಹೇಳಲಿಲ್ಲ. ಆ ಕಾಗೆಕಾಲಿನ ಅಕ್ಷರ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಓದಿದೆ.

ಏಳು ಹೆಸರುಗಳಿದ್ದವು. ಕೆಂಚ, ಅವನ ಹೆಂಡತಿ ಪುಟ್ಟಿ, ಕುಂಟ ಸಿದ್ದ, ಅಣ್ಣತಮ್ಮಂದಿರಾದ ಕಾಳ ಮತ್ತು ಬೋರ, ಸಣ್ಣಕೆಂಪಿ, ಸಣ್ಣಕೆಂಪಿಯ ಮಗಳು ಹೊಂಬಾಳೆ. ಯಾರು ಎಷ್ಟು ಪಲ್ಲ ರಾಗಿಯ ಸಾಲಕ್ಕೆ ಬಂದವರು, ಎಷ್ಟು ವರ್ಷ ಇದ್ದರು, ಯಾರು ಓಡಿಹೋಗಿ ಸಿಕ್ಕಿಬಿದ್ದರು, ಸಿದ್ದ ಹೇಗೆ ಕುಂಟನಾದ, ಎಲ್ಲ ಇತ್ತು. ಯಾರಿಗೂ ನೆನಪಿಲ್ಲ ಅಂದ ಮನುಷ್ಯನಿಗೆ ಕೊಟ್ಟಿಗೆಯಲ್ಲಿ ಯಾರು ಯಾವ ಮೂಲೆಯಲ್ಲಿ ಮಲಗುತ್ತಿದ್ದರು ಅನ್ನುವುದೂ ನೆನಪಿತ್ತು. ಕೊನೆಯ ಹಾಳೆಗೆ ಬಂದೆ. ಅಲ್ಲಿ ಹೀಗಿತ್ತು: 'ಒಂದು ದಿನ ಕರು ಹಾಲೆಲ್ಲ ಕುಡಿದುಬಿಟ್ಟಿತ್ತು. ಕರು ಕಾಯುವವಳು ಹೊಂಬಾಳೆ. ತಾತ ಅವಳನ್ನು ಕಂಬಕ್ಕೆ ಕಟ್ಟಿ ಹೊಡೆದರು. ಕರು ಬಿಚ್ಚಿದವನು ನಾನು. ಆಟಕ್ಕೆ ಬಿಚ್ಚಿದ್ದೆ. ಬಾಗಿಲ ಹಿಂದೆ ನಿಂತಿದ್ದೆ, ಹೇಳಲಿಲ್ಲ. ಈ ಎಲ್ಲ ಕಾರಣಗಳಿಂದ ಜೀತ ಬಿಟ್ಟ ದಿನಕ್ಕೆ ರಜೆ ಬೇಕು.'

ಗುರುಪಾದಪ್ಪನವರು ತಲೆಯೆತ್ತಲಿಲ್ಲ. ಹೊಂಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗೊತ್ತಿತ್ತು ಬುಡಿ" ಅಂದಳು. "ಕರೂನ ಗೂಟದ ಗಂಟು ನಂಗೆ ಬುಚ್ಚಕ್ಕೆ ಬತ್ತಿರ್ಲಿಲ್ಲ. ನಮ್ಮವ್ವಂಗೂ ಗೊತ್ತಿತ್ತು. ಹೇಳೋ ಹಂಗಿರ್ಲಿಲ್ಲ, ಅಷ್ಟೇಯ."

ಫಾಲಾಕ್ಷಯ್ಯನವರು ಗಂಟಲು ಸರಿಮಾಡಿಕೊಂಡು "ಆಕ್ಷೇಪಣೆ ಇದ್ದವರು ಯಾರಾದರೂ ಇದ್ದಾರೆಯೇ?" ಅಂತ ಕೇಳಿದರು. ದೊಡ್ಡಮನೆಯ ಭಾವನೆಂಟರೊಬ್ಬರು ಮಫ್ಲರ್ ಕೆಳಗೆ ಎಳೆದು ಬಾಯಿ ತೆರೆದರು. ಆಮೇಲೆ ಏನು ಲೆಕ್ಕ ಹಾಕಿದರೋ, ತಮ್ಮ ಮನೆಯ ಕೊಟ್ಟಿಗೆಯೇ ನೆನಪಾಯಿತೋ, ಮಫ್ಲರನ್ನು ಮತ್ತೆ ಮೇಲಕ್ಕೆ ಎಳೆದುಕೊಂಡರು. ಮಿಕ್ಕವರು ಉಸಿರೂ ಬಿಡಲಿಲ್ಲ. ನಾನು ನಡಾವಳಿ ಬರೆದೆ. ನಿನ್ನೆ ಬರೆದದ್ದನ್ನು ಹೊಡೆದುಹಾಕಲಿಲ್ಲ. ಪೌರಕಾರ್ಮಿಕರ ಅರ್ಜಿ ತಿರಸ್ಕೃತವಾಗಿಯೇ ಉಳಿಯಿತು. ಅದರ ಕೆಳಗೆ 'ಮಾನ್ಯ ಅಧ್ಯಕ್ಷರ ಅರ್ಜಿಯ ಮೇರೆಗೆ ಜೀತ ಬಿಟ್ಟ ದಿನದಂದು ಎಲ್ಲ ನೌಕರರಿಗೂ ವೇತನ ಸಹಿತ ರಜೆಯನ್ನು ಸರ್ವಾನುಮತದಿಂದ ಮಂಜೂರು ಮಾಡಲಾಗಿದೆ' ಅಂತ ಬರೆದೆ. ಯಾವಾಗಿನಿಂದ ಅಂತ ಯಾರೂ ಹೇಳಿರಲಿಲ್ಲ. ವಾಡಿಕೆಯಂತೆ ಮುಂದಿನ ವರ್ಷದಿಂದ ಅಂತ ಬರೆಯಬೇಕು. ಹೊಂಬಾಳಮ್ಮನ ಕಡೆ ನೋಡಿದೆ. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮೊದಲ ಸಲ ಒಂದು ಪದ ಬರೆದೆ: 'ಇಂದಿನಿಂದಲೇ'.

ಪುಸ್ತಕವನ್ನು ಅಧ್ಯಕ್ಷರ ಮುಂದೆ ಇಟ್ಟೆ. ಅವರು ಆ ಪದದ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಸಹಿ ಹಾಕಿ ಅಂತ ಯಾರೂ ಅನ್ನಲಿಲ್ಲ. ಅವರು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಹೊಂಬಾಳಮ್ಮ ನನ್ನ ತೋಳು ಹಿಡಿದುಕೊಂಡಳು. "ಇವತ್ತಿಂದ್ಲೇಯ?"

"ಇವತ್ತಿಂದಲೇ."

"ಅಂದ್ರೆ ಇವತ್ತು ನಂಗೆ ರಜ?"

"ಹೂಂ. ಸಂಬಳ ಸಹಿತ."

ಅವಳು ತನ್ನ ತಳ್ಳುಗಾಡಿಯನ್ನು ನೋಡಿದಳು. ಹಣೆಯ ಮೇಲೆ ಗೆರೆ ಮೂಡಿತು. "ಹಂಗಾರೆ ಬೆಳಗ್ಗೆ ನಾನು ಗುಡ್ಸಿದ್ದು ತಪ್ಪಾಯ್ತಲ್ಲವ್ವ. ರಜದಲ್ಲಿ ದುಡಿಸ್ಕೊಂಡ್ರೆ ಅದುನ್ನ ಏನಂತಾರೆ?"

ಅಷ್ಟು ಅಂದವಳೇ ಗಾಡಿ ತಳ್ಳಿಕೊಂಡು ಹೊರಟಳು. ನಾನೂ ಹಿಂದೆ ಓಡಿದೆ. ದೊಡ್ಡಮನೆ ಬೀದಿಯಲ್ಲಿ ಅವಳು ಒಂದೊಂದೇ ಬಾಗಿಲ ಮುಂದೆ ನಿಂತು, ಗಾಡಿಯಿಂದ ಬಾಚಿ, ಬೆಳಿಗ್ಗೆ ತೆಗೆದದ್ದನ್ನು ವಾಪಸು ಇಟ್ಟಳು. ಕಲಸುಮೇಲೋಗರ ಮಾಡಲಿಲ್ಲ. ಯಾರ ಮನೆಯ ಕಸ ಯಾವುದು ಅಂತ ಅವಳಷ್ಟು ಬಲ್ಲವರು ಯಾರಿದ್ದಾರೆ? ಶ್ಯಾನುಭೋಗರ ಮನೆಗೆ ನುಗ್ಗೆ ಸಿಪ್ಪೆ, ಅಂಗಡಿ ಮನೆಗೆ ಹರಿದ ಗೋಣಿ, ಮೇಷ್ಟ್ರ ಮನೆಗೆ ಬೀಡಿ ತುಂಡುಗಳು, ಅವರ ಹೆಂಡತಿ ಅವನ್ನು ಅಲ್ಲೇ ಮೊದಲ ಸಲ ನೋಡಿದ್ದು. ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ದೊಡ್ಡಮನೆಯ ಮುಂದೆ ಗಾಡಿಯಲ್ಲಿ ಉಳಿದದ್ದನ್ನೆಲ್ಲ ಸುರಿದಳು, ಗಾಡಿಯ ತಳವನ್ನೂ ತಟ್ಟಿದಳು.

ಅಷ್ಟರಲ್ಲಿ ಗುರುಪಾದಪ್ಪನವರು ನಡೆದುಕೊಂಡೇ ಬಂದರು. ರಾಶಿಯ ಆಚೆ ನಿಂತರು. ಅವರ ದನಿ ಬಿದ್ದುಹೋಗಿತ್ತು.

"ಏನು ಹೊಂಬಾಳಮ್ಮ ಇದು?"

ಅವರ ಬಾಯಲ್ಲಿ ಆ ಹೆಸರಿಗೆ 'ಅಮ್ಮ' ಸೇರಿದ್ದನ್ನು ನಾನು ಕೇಳಿದ್ದು ಅವತ್ತೇ.

"ನಾಳೆ ಬಂದು ಗುಡುಸ್ತೀನಿ ಗುರುಪಾದಪ್ಪ" ಅಂದಳು. "ಇವತ್ತು ರಜ."

ಅವರು ಪಂಚೆ ಎತ್ತಿಕೊಂಡು, ರಾಶಿಯನ್ನು ಬಳಸಿಕೊಂಡು ಒಳಗೆ ಹೋದರು. ಹೊಂಬಾಳಮ್ಮ ಅವರ ಮನೆಯ ಜಗಲಿಯ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕೂತಳು. ನಿರ್ಣಯದಲ್ಲಿ ಎಲ್ಲ ನೌಕರರಿಗೂ ಅಂತ ನಾನೇ ಬರೆದದ್ದಲ್ಲವೇ ಅಂತ ಆಗ ನೆನಪಾಗಿ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬೀದಿ ತುಂಬ ಕಸ, ಬಿಸಿಲು ಇಳಿಯುತ್ತಿತ್ತು. ಅವಳು ಎಲೆ ಮಡಿಸಿ ನನಗೊಂದು ಕೊಟ್ಟಳು.

"ಈಗ್ಲೂ ಸಂಬಳ ನಡೀತಾ ಐತೇನವ್ವ?"

"ನಡೀತಾ ಇದೆ."

"ಹಂಗಾರೆ ಇನ್ನೊಂಚೂರು ಕುಂತ್ಕಳಾನ" ಅಂದಳು.